ಕೆಂಪು ಪೆನ್ಸಿಲು

ಡ್ರಾಯರು ಅರ್ಧಕ್ಕೆ ಬಂದು ಹಟ ಹಿಡಿದು ನಿಂತಿತ್ತು. ಮಗಳು ಮೇಜಿಗೆ ಒಂದು ಕಾಲು ಕೊಟ್ಟು ಜಗ್ಗಿದಳು.

"ಅಕ್ಕಾ, ಹನ್ನೊಂದಕ್ಕೆ ಗಾಡಿ ಬರುತ್ತೆ. ಇದೇನೇ ನಿನ್ನ ಕುಸ್ತಿ?" ಬಾಗಿಲಲ್ಲಿ ತಮ್ಮ ನಿಂತಿದ್ದ.

"ಸಂಪಾದಕರಿಗೆ ಅಮ್ಮನ ಕೊನೇ ಬರಹ ಬೇಕಂತೆ. ಮೂರಕ್ಕೆ ಪುಟ ಅಚ್ಚಿಗೆ ಹೋಗುತ್ತೆ. ಹೊಸದು ಸಿಗದಿದ್ರೆ ಹಳೇದನ್ನೇ ಹಾಕ್ತಾರಂತೆ."

"ಹಳೇದು ಅಂದ್ರೆ ನಾನು ಮೂಗಿಗೆ ಗುಂಡಿ ತುರುಕಿಕೊಂಡಿದ್ದೇ. ಅದನ್ನ ಬಿಟ್ಟು ಇನ್ನೇನು ಹಾಕ್ತಾರೆ?"

ವಾರಪತ್ರಿಕೆಯ ಕೊನೆಯ ಪುಟ ಮೂವತ್ತೆಂಟು ವರ್ಷ ಅಮ್ಮನದಾಗಿತ್ತು. ಮಕ್ಕಳ ಹಲ್ಲು, ಹಟ, ಜ್ವರ, ಜಗಳ ಎಲ್ಲವೂ ಅಲ್ಲಿ ಬಂದಿದ್ದವು. ಇವತ್ತು ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡು ಕೇಳದ ಹೆಂಗಸರು ಆ ಪುಟದಿಂದ ಕತ್ತರಿಸಿಟ್ಟ ಹಳದಿ ತುಣುಕುಗಳನ್ನು ಹಿಡಿದು ಬಂದಿದ್ದರು. ಒಬ್ಬ ಅಜ್ಜಿ ಅಳುತ್ತಲೇ ಬೋಳುತಲೆಯ ತಮ್ಮನ ಕೆನ್ನೆ ಹಿಂಡಿ, "ಗುಂಡಿ ನುಂಗಿದ ಪುಟ್ಟ ನೀನೇನಪ್ಪಾ?" ಎಂದು ಕೇಳಿದ್ದರು. "ನುಂಗಿಲ್ಲ ಅಜ್ಜೀ, ಮೂಗಿಗೆ," ಎಂದು ಅವನು ತಿದ್ದಿದ್ದ. ಸಾವಿನ ಮನೆಯಲ್ಲಿ ಅಷ್ಟು ನಗು ಯಾರೂ ಕೇಳಿರಲಿಕ್ಕಿಲ್ಲ.

ಡ್ರಾಯರು ಧಡ್ಡನೆ ಈಚೆ ಬಂತು. ಒಳಗೆ ಒಂದೇ ಒಂದು ಹಾಳೆ, ಮೇಲಿಂದ ಕೆಳಗಿನವರೆಗೂ ಕೆಂಪು ಗೀಟು. ಮಗಳು ಹುಡುಕುತ್ತಿದ್ದುದು ಇದನ್ನಲ್ಲ. ಇದು ಇಲ್ಲದಿದ್ದರೆ ಸಾಕಪ್ಪಾ ಎಂದುಕೊಂಡಿದ್ದಳು.

*

ಪ್ರತಿ ಸೋಮವಾರ ಅಮ್ಮ ಊಟದ ಮೇಜಿನಲ್ಲಿ ಬರಹವನ್ನು ಓದಿ, ಕೆಂಪು ಪೆನ್ಸಿಲನ್ನು ಮಕ್ಕಳ ಕೈಗೆ ಕೊಡುತ್ತಿದ್ದಳು. ತಂತಮ್ಮ ಬಗ್ಗೆ ಬೇಡವೆನಿಸಿದ ಸಾಲನ್ನು ಅವರು ಹೊಡೆದುಹಾಕಬಹುದಿತ್ತು. ಯಾಕೆ ಎಂದು ಅಮ್ಮ ಕೇಳುವಂತಿರಲಿಲ್ಲ. ಮನಸ್ಸು ಬದಲಾದರೆ ಹೊಡೆದ ಸಾಲಿನ ಕೆಳಗೆ ಉದ್ದಕ್ಕೂ ಚುಕ್ಕಿ ಇಡಬೇಕು. ಕರಡು ತಿದ್ದುವವರ ರೂಢಿಯಲ್ಲಿ ಅದಕ್ಕೆ 'ಇರಲಿ' ಎಂದು ಅರ್ಥ.

ಹದಿನಾಲ್ಕು ತುಂಬಿದಾಗ ಮಗಳು ಹೊಸ ಶಾಲೆಗೆ ಸೇರಿದಳು. ತಾನು ಆ ಪುಟದ ಹುಡುಗಿ ಎಂದು ಅಲ್ಲಿ ಯಾರಿಗೂ ಗೊತ್ತಾಗಬಾರದಿತ್ತು. ನಿಮ್ಮಮ್ಮ ಏನ್ಮಾಡ್ತಾರೆ ಎಂದು ಯಾರೋ ಕೇಳಿದ್ದಕ್ಕೆ, "ತೀರಿಹೋದ್ರು," ಎಂದುಬಿಟ್ಟಳು.

ನಾಲ್ಕನೆಯ ದಿನ ಟೀಚರು ಹೂಗುಚ್ಛ ಹಿಡಿದು ಮನೆಗೇ ಬಂದರು. ಬಾಗಿಲು ತೆಗೆದವಳು ಅಮ್ಮ, ಕೈಯಲ್ಲಿ ಸೌಟು.

"ಈ ಮಗುವಿನ ತಾಯಿ ಹೋಗ್ಬಿಟ್ರಂತೆ. ಕೇಳಿ ತುಂಬಾ ಸಂಕಟ ಆಯ್ತು."

ಅಮ್ಮ ಒಮ್ಮೆ ಹಿಂದೆ ತಿರುಗಿ ಮಗಳ ಬಿಳಿಚಿದ ಮುಖ ನೋಡಿದಳು.

"ಹೌದು," ಎಂದಳು. "ನಾನು ಚಿಕ್ಕಮ್ಮ. ಬನ್ನಿ, ಒಳಗೆ ಬನ್ನಿ."

ಅರ್ಧ ಗಂಟೆ ಇಬ್ಬರೂ ಕೂತು ಸತ್ತವಳನ್ನು ಹೊಗಳಿದರು. "ಅಕ್ಕ ಬಂಗಾರದಂಥವಳು. ಅಡುಗೆ ಮಾತ್ರ ಬಾಯಿಗಿಡೋ ಹಾಗಿರ್ಲಿಲ್ಲ," ಎಂದು ಅಮ್ಮ ಕಣ್ಣೊರೆಸಿಕೊಂಡಳು. ಟೀಚರು ಹೋದ ಮೇಲೆ ಬೈಯಲಿಲ್ಲ. ಹೂವನ್ನು ನೀರಿನ ಲೋಟದಲ್ಲಿಟ್ಟು, "ನನಗೇ ತಾನೇ ಬಂದಿದ್ದು," ಎಂದಳು.

ಆ ಸೋಮವಾರ ಅಮ್ಮ ತಮ್ಮನನ್ನು ಆಟಕ್ಕೆ ಕಳಿಸಿ, ಅದನ್ನೇ ಬರೆದಿಟ್ಟಿದ್ದನ್ನು ಓದಿದಳು. ಮಗಳು ಹಾಳೆ ಹರಿಯುವಷ್ಟು ಒತ್ತಿ ಎಲ್ಲವನ್ನೂ ಹೊಡೆದಳು. ಶಾಲೆ ಮುಗಿಯುವವರೆಗೂ ಪೋಷಕರ ಸಭೆಗೆ ಅಮ್ಮ ಚಿಕ್ಕಮ್ಮನಾಗಿಯೇ ಬಂದಳು. ಆಮೇಲೆ ವರ್ಷಕ್ಕೊಮ್ಮೆ ಕೇಳುವಳು: "ಇನ್ನೂ ಬೇಡ್ವೇನೇ?"

"ಬೇಡಮ್ಮ."

ಹೀಗೆ ಮೂವತ್ತೊಂದು ವರ್ಷ ಕಳೆದವು.

*

ತಮ್ಮ ಹಾಳೆಯನ್ನು ಕಸಿದುಕೊಂಡು ಓದಿದ. ಮೊದಲು ಹೊಟ್ಟೆ ಹಿಡಿದು ನಕ್ಕ, ಆಮೇಲೆ ಗೋಡೆಗೊರಗಿ ಅತ್ತ. "ಅಯ್ಯೋ ಪುಣ್ಯಾತ್ಗಿತ್ತೀ, ಒಂದ್ಸಲ ಆಗಲೇ ಸಾಯಿಸಿದ್ಯಾ ಅಮ್ಮನ್ನ!"

ಗದ್ದಲ ಕೇಳಿ ಸಂಪಾದಕರು ಒಳಗೆ ಬಂದರು. ಹಾಳೆ ಕಂಡು ಅಲ್ಲೇ ನಿಂತರು. "ಇದೇನಾ ಅದು? 'ನಾನು ಬರೆದದ್ರಲ್ಲೆಲ್ಲ ಒಳ್ಳೇದು ಡ್ರಾಯರಲ್ಲಿದೆ' ಅಂತಿದ್ರು ನಿಮ್ಮಮ್ಮ. ಕೊಡಿ ಅಂದ್ರೆ, 'ಮಗಳು ಬೇಡ ಅಂದಿದ್ದಾಳೆ, ಮುಗೀತು' ಅಂತಿದ್ರು. ನಾನೂ ಒತ್ತಾಯ ಮಾಡಲ್ಲಮ್ಮ."

"ಸುಳ್ಳು ಹೇಳಿದ ಮಕ್ಕಳನ್ನ ನನ್ನ ಕೋಣೆಗೇ ಕಳಿಸೋದು ಸಾರ್," ಎಂದಳು ಮಗಳು. ಅವಳೀಗ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. "ನಾಳೆ ಅವರ ಮುಂದೆ ಯಾವ ಮುಖ ಇಟ್ಕೊಂಡು ಕೂರಲಿ? ಗುಂಡಿಯದನ್ನೇ ಹಾಕಿ."

ನಡುಮನೆಗೆ ಬಂದಾಗ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡಳು. ಆ ಹೆಂಗಸಿನ ಹಿಂದೆ ಮಾರುದೂರದಲ್ಲಿ ಹದಿಮೂರರ ಹುಡುಗಿ, ತನಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿ ನೋಡುತ್ತಿದ್ದಳು.

"ನನ್ನ ಜೊತೆ ಬೀದೀಲಿ ನಡೆಯೋಕೂ ನಾಚಿಕೆಯಂತೆ ಇವಳಿಗೆ," ಎಂದು ಹೆಂಗಸು ಪಿಸುಗುಟ್ಟಿದಳು. "ಎಲ್ಲದಕ್ಕೂ ನಿಮ್ಮಮ್ಮನ ಪುಟ ಹುಡುಕ್ತೀನಿ. ಈ ವಯಸ್ಸಿನ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ನಿಮ್ಮನೇಲಿ ಹೀಗೆಲ್ಲ ಆಗಲೇ ಇಲ್ವಾ?"

ಮಗಳು ಅಮ್ಮನತ್ತ ನೋಡಿದಳು. ಹೂವಿನ ರಾಶಿಯ ನಡುವೆ ಮುಖವೊಂದೇ ಕಾಣುತ್ತಿತ್ತು. ಅಮ್ಮನ ಬಗ್ಗೆ ಹೆಮ್ಮೆ ಉಕ್ಕಿ ಬಂತು.

"ಆಗಿತ್ತು," ಎಂದಳು. "ಈ ವಾರ ಓದಿ."

ಹೊರಗೆ ಗಾಡಿ ಬಂದು ನಿಂತಿತು. "ಎರಡು ನಿಮಿಷ ತಡೀರಿ, ಅಮ್ಮನ ಕೆಲಸ ಒಂದು ಬಾಕಿ ಇದೆ!" ಎಂದು ತಮ್ಮ ಕೂಗಿದ. ಮಗಳು ಅಮ್ಮನ ಕುರ್ಚಿಯಲ್ಲಿ ಕೂತು, ಮೋಟು ಪೆನ್ಸಿಲು ಹಿಡಿದು, ಒಂದೊಂದೇ ಸಾಲಿನ ಕೆಳಗೆ ಚುಕ್ಕಿ ಇಡತೊಡಗಿದಳು. ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಯ ಸಾಲು ಕೆಂಪು ಗೀಟಿನಡಿಯಲ್ಲೂ ಸ್ಪಷ್ಟವಾಗಿತ್ತು: 'ಹೂಗಳು ನಿಜಕ್ಕೂ ಚೆನ್ನಾಗಿದ್ದವು; ಎಲ್ಲರಿಗೂ ಬದುಕಿರುವಾಗಲೇ ಸಿಗುವುದಿಲ್ಲ.'

ಅದರ ಕೆಳಗೂ ಚುಕ್ಕಿ ಇಟ್ಟಳು. ಸಾಲು ಮುಗಿದರೂ ಕೈ ನಿಲ್ಲಲಿಲ್ಲ; ಕೆಂಪು ಚುಕ್ಕಿಗಳು ಹಾಳೆಯ ಅಂಚಿನವರೆಗೂ ಹೋದವು.