ಸೋಪು ಮುಟ್ಟದ ಸೀಸೆಗಳು

"ಭೇಷ್. ಚೆನ್ನಾಗಿ ತಿಕ್ಕಿದ್ದೀಯ. ಬೂದಿ ಹಾಕಿ ತಿಕ್ಕಿದ್ಯೋ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ಯೋ?"

ಗೈಡು ಗಾಜಿನ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ಕೇಳಿದರು. ಮುಖದ ತುಂಬ ನಗು. ಅವಳು ತಲೆ ತಗ್ಗಿಸಿ ನಿಂತಿದ್ದಳು.

"ಇಷ್ಟು ದೂರ ಬಂದ್ರೂ ನಿಮ್ಮಮ್ಮ ಹೇಳ್ಕೊಟ್ಟಿದ್ದು ಮರೆತಿಲ್ಲ ನೋಡು. ಹುಟ್ಟುಗುಣ ಸುಟ್ರೂ ಹೋಗಲ್ಲ ಅನ್ನೋದು ಸುಮ್ನೆನಾ? ಮುಸುರೆ ತಿಕ್ಕೋ ಕೈಗೆ ಪಿಎಚ್‌ಡಿ ಕೊಡ್ಸೋಕೆ ಹೊರಟ್ನಲ್ಲ, ನನ್ನ ಬುದ್ಧಿಗೆ ಏನು ಹೇಳ್ಬೇಕು."

ಭುಜ ತಟ್ಟುವವರ ಹಾಗೆ ಕೈ ಎತ್ತಿದರು, ಮುಟ್ಟದೆ ಕೆಳಗಿಳಿಸಿದರು. ಸಾಲು ಮೇಜುಗಳ ಮುಂದೆ ಕೂತಿದ್ದ ಮಿಕ್ಕವರು ಒಮ್ಮೆ ತಲೆಯೆತ್ತಿ ನೋಡಿ, ತಾವೂ ಒಂದಿಷ್ಟು ನಕ್ಕು, ಮತ್ತೆ ಕೆಲಸಕ್ಕೆ ಬಗ್ಗಿದರು. ಪರದೇಶದ ಆ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದದ್ದು ಇಬ್ಬರಿಗೇ. ಒಬ್ಬರು ಬೈಯುತ್ತಿದ್ದರು, ಒಬ್ಬಳು ಬೈಸಿಕೊಳ್ಳುತ್ತಿದ್ದಳು.

ತಪ್ಪು ಆಗಿದ್ದು ನಿಜ. ಅದನ್ನು ಅವಳು ಅಲ್ಲಗಳೆಯುತ್ತಿರಲಿಲ್ಲ. ಆ ಲ್ಯಾಬಿನಲ್ಲಿ ತಟ್ಟೆಗಳಲ್ಲಿ ಜೀವಕೋಶ ಸಾಕುತ್ತಾರೆ. ಹಸುಗೂಸುಗಳ ಹಾಗೆ ಅವಕ್ಕೆ ಬೆಚ್ಚಗಿನ ಪೆಟ್ಟಿಗೆ ಬೇಕು, ಹೊತ್ತುಹೊತ್ತಿಗೆ ಊಟ ಬೇಕು. ಹೊಸದಾಗಿ ಬಂದವರು ಎಲ್ಲರ ಜೀವಕೋಶಗಳಿಗೂ ಊಟ ಹಾಕಬೇಕು, ಊಟ ಕಲಸುವ ಸೀಸೆಗಳನ್ನು ತೊಳೆಯಬೇಕು. ಅದು ಅಲ್ಲಿನ ಪದ್ಧತಿ. ರಜೆಯ ದಿನವೂ ಅವಳೇ ಬರಬೇಕು. ತನ್ನ ಸ್ವಂತ ಸಂಶೋಧನೆ ಯಾವಾಗ ಎಂದು ಕೇಳಿದರೆ "ಮೊದ್ಲು ಕೈ ಪಳಗ್ಲಿ" ಎನ್ನುತ್ತಿದ್ದರು ಗೈಡು.

ಬರೀ ನೀರಿನಲ್ಲಿ ತೊಳೆಯುತ್ತಿದ್ದ ಸೀಸೆಗಳ ತಳದಲ್ಲಿ ಒಂದು ದಿನ ತೆಳ್ಳಗೆ ಬಿಳಿ ಪೊರೆ ಕಂಡಿತು. ಅದನ್ನು ನೋಡಿಕೊಂಡು ಸುಮ್ಮನಿರುವುದು ಅವಳ ವಂಶದಲ್ಲೇ ಇಲ್ಲ. ಅವಳ ಅಮ್ಮ ಕಂಡವರ ಮನೆಗಳಲ್ಲಿ ಪಾತ್ರೆ ತೊಳೆದು ಅವಳನ್ನು ಓದಿಸಿದವಳು. ತೊಳೆದ ಪಾತ್ರೆಯ ಮೇಲೆ ಬೆರಳೆಳೆದರೆ ಕಿರ್ರ್ ಎನ್ನಬೇಕು, ಅಲ್ಲಿಯವರೆಗೂ ಅಮ್ಮ ಪಾತ್ರೆ ಬಿಡುತ್ತಿರಲಿಲ್ಲ. ಮಗಳೂ ಹಾಗೇ ಸೋಪು ಹಾಕಿ, ಸ್ಕ್ರಬ್ಬರಿನಲ್ಲಿ ಉಜ್ಜಿ, ಬೆರಳೆಳೆದು ನೋಡಿ, ಕಿರ್ರ್ ಎಂದಾಗ ಬಹಳ ದಿನದ ಮೇಲೆ ಒಂದು ಕೆಲಸ ಚೆನ್ನಾಗಿ ಮಾಡಿದೆ ಎಂದುಕೊಂಡಿದ್ದಳು.

ಆ ಸೀಸೆಗಳಿಗೆ ಸೋಪು ಮುಟ್ಟಿಸಬಾರದಂತೆ. ಬರೀ ಶುದ್ಧ ನೀರಂತೆ. ಸೋಪಿನ ಒಂದು ಚೂರು ಉಳಿದರೂ ಜೀವಕೋಶಕ್ಕೆ ವಿಷವಂತೆ. ಹೊಸಬರಿಗೆ ಮೊದಲ ವಾರವೇ ಗೈಡು ಇದನ್ನೆಲ್ಲ ಕೂರಿಸಿಕೊಂಡು ಹೇಳಬೇಕೆಂದು ನಿಯಮವಿತ್ತು. ಅವಳ ಮೊದಲ ವಾರ ಗೈಡು ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು, ಬಂದ ಮೇಲೆ ಮರೆತರು. ಹೀಗಾಗಿ ಎಲ್ಲರ ತಟ್ಟೆಗಳ ಜೀವಕೋಶಗಳೂ ಒಟ್ಟಿಗೆ ಸತ್ತವು. ಎಷ್ಟೋ ತಿಂಗಳ ಕೆಲಸ ನೀರುಪಾಲಾಯಿತು.

ಪಕ್ಕದ ಮೇಜಿನ ಎತ್ತರದ ಹುಡುಗ ಅವಳಿಗಿಂತ ಹಿರಿಯ ವಿದ್ಯಾರ್ಥಿ, ಇನ್ನೊಂದು ದೇಶದವನು. ಅವನ ಜೀವಕೋಶಗಳೂ ಸತ್ತಿದ್ದವು, ಆದರೂ ಮುಖ ತಿರುಗಿಸಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದ: "ಏನಂದರು?"

"ಇನ್ನು ಮೇಲೆ ಸೋಪು ಹಾಕಬೇಡ ಅಂದರು."

"ಅಷ್ಟೇನಾ? ಪುಣ್ಯ ಮಾಡಿದ್ದೀಯ. ನನಗೆ ನನ್ನ ಭಾಷೆಯಲ್ಲಿ ಸಮಾಧಾನ ಹೇಳುವವರು ಇಲ್ಲಿ ಒಬ್ಬರೂ ಇಲ್ಲ."

ನಿಜ ಏನೆಂದು ಅವನಿಗೆ ಹೇಳಹೊರಟರೆ ಮುಸುರೆ ಎಂದರೇನೆಂದು ಹೇಳಬೇಕು. ಅಮ್ಮ ಯಾರೆಂದು ಹೇಳಬೇಕು, ತಾವು ಊರ ಹೊರಗಿನ ಕೇರಿಯವರು ಎಂದು ಹೇಳಬೇಕು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಮತ್ತೆ ಸೀಸೆ ತೊಳೆಯಲು ಹೋದಳು. ಅಮ್ಮನ ವಿಷಯವನ್ನು ಅರ್ಜಿಯಲ್ಲಿ ಹೆಮ್ಮೆಯಿಂದ ಬರೆದವಳು ಅವಳೇ. ಸಂದರ್ಶನದ ದಿನ ಗೈಡು ಅದನ್ನು ಓದಿ "ನಿಮ್ಮಂಥೋರೇ ಮುಂದೆ ಬರ್ಬೇಕಮ್ಮ" ಎಂದಿದ್ದರು. ಆವತ್ತು ಅವಳು ಖುಷಿಗೆ ಅತ್ತಿದ್ದಳು.

ಭಾನುವಾರ ಗೈಡಿನ ಮನೆಯಲ್ಲಿ ಊಟ. ನಮ್ಮ ಭಾಷೆಯವರೆಲ್ಲ ಸೇರುತ್ತಾರೆ, ನೀನು ಸ್ವಲ್ಪ ಮುಂಚೆ ಬಾ ಎಂದು ಗೈಡಿನ ಹೆಂಡತಿ ಫೋನು ಮಾಡಿದ್ದರು. ಬಾಯಿ ತುಂಬ "ತಂಗಿ" ಎನ್ನುವ ಹೆಂಗಸು. ಮುಂಚೆ ಬಂದವಳನ್ನು ತಂಗಿಯ ಹಾಗೆ ಒಳಗೆ ಕರೆದು, ಸಿಂಕಿನ ಮುಂದೆ ನಿಲ್ಲಿಸಿದರು.

"ದೊಡ್ಡ ಪಾತ್ರೆಗಳು ತೊಳೆಯೋ ಮಷೀನಲ್ಲಿ ಹಿಡಿಯಲ್ಲ ತಂಗಿ. ನೀನಾದ್ರೆ ನೀಟಾಗಿ ಮಾಡ್ತೀಯ ಅಂತ ಇವ್ರು ಹೇಳಿದ್ರು."

ಅತಿಥಿಗಳು ಬಂದರು, ಉಂಡರು, ತಟ್ಟೆಗಳನ್ನು ತಂದು ಸಿಂಕಿನ ಪಕ್ಕ ಪೇರಿಸಿದರು. ಒಬ್ಬರೂ "ನೀನು ಉಂಡೆಯಾ" ಎನ್ನಲಿಲ್ಲ. ಎಲ್ಲ ಮುಗಿದ ಮೇಲೆ ಗೈಡಿನ ಹೆಂಡತಿ ಹಿಂಬಾಗಿಲ ಕಡೆ ಕೈ ತೋರಿಸಿದರು. ಬಟ್ಟೆ ಒಗೆಯುವ ಮಷೀನಿನ ಮೇಲೆ ಒಂದು ತಟ್ಟೆಯಲ್ಲಿ ಊಟ ಹಾಕಿಟ್ಟಿತ್ತು.

"ಅದು ನಿಂದೇ ತಟ್ಟೆ. ತೊಳ್ದು ಅಲ್ಲೇ ಇಟ್ಬಿಡು, ಒಳಗಿನವುಗಳ ಜೊತೆ ಸೇರಿಸ್ಬೇಡ. ತಪ್ಪು ತಿಳ್ಕೋಬೇಡ ಆಯ್ತಾ, ನಮ್ಮತ್ತೆ ಇಲ್ಲಿಗೆ ಬರ್ತಾ ಇರ್ತಾರೆ."

ಸಮುದ್ರ ದಾಟಿ ಬಂದವರು ಊರಲ್ಲಿ ಏನೇನು ಬಿಟ್ಟು ಬಂದರೋ, ಇದೊಂದನ್ನು ಮಾತ್ರ ಮರೆಯದೆ ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡು ಬಂದಿದ್ದರು. ಅವಳು ನಿಂತೇ ಎರಡು ತುತ್ತು ತಿಂದಳು. ಮಿಕ್ಕದ್ದನ್ನು ಚೆಲ್ಲಿ, ತಟ್ಟೆ ತೊಳೆದು ಅಲ್ಲೇ ಇಟ್ಟಳು.

ಗೈಡು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಹಿಂಬಾಗಿಲಿಗೆ ಬಂದರು.

"ನಾಳೆ ಮೀಟಿಂಗಿಗೆ ವಿಭಾಗದ ಮುಖ್ಯಸ್ಥೆ ಬರ್ತಾಳೆ. ಯಾಕೆ ಸತ್ತವು ಅಂತ ಕೇಳ್ತಾಳೆ. ಎದ್ದು ನಿಂತು, ಸರ್ ಮೊದಲ್ನೇ ವಾರವೇ ಎಲ್ಲ ಹೇಳ್ಕೊಟ್ಟಿದ್ರು, ನಾನೇ ಕೇಳ್ಲಿಲ್ಲ ಅನ್ನು."

"ನೀವು ಹೇಳ್ಕೊಟ್ಟಿರ್ಲಿಲ್ಲ ಸರ್."

"ಹಲ್ಕಾ ಮಾತು ಬೇಡ. ನಿನ್ನ ಆರು ತಿಂಗ್ಳ ರಿಪೋರ್ಟು ಈ ವಾರ ಬರೀಬೇಕು ನಾನು. 'ಬೇಡ' ಅಂತ ಬರೆದ್ರೆ ಸೀಟು ಹೋಯ್ತು, ವೀಸಾ ಹೋಯ್ತು. ವಾಪಸ್ ಹೋಗಿ ಅಮ್ಮನ ಜೊತೆ ಕೂತ್ಕೊಂಡು ತಿಕ್ಕು. ನಾನು ಹೇಳಿದಂಗೆ ಅಂದ್ರೆ, ಏನೋ ಒಂದು ನೋಡೋಣ."

ಬಸ್ ಸ್ಟಾಪಿನಲ್ಲಿ ಗಾಳಿ ಮುಖಕ್ಕೆ ರಾಚುತ್ತಿತ್ತು. ಬಸ್ಸು ಬರುವಾಗ ರಸ್ತೆಗೆ ಒಂದು ಹೆಜ್ಜೆ ಮುಂದಿಟ್ಟರೆ ಎಲ್ಲ ಮುಗಿಯುತ್ತದೆ ಅನ್ನಿಸಿತು. ಅನ್ನಿಸಿದ್ದಕ್ಕೆ ಹೆದರಿ ಹಿಂದೆ ಸರಿದು ಕಂಬ ಹಿಡಿದುಕೊಂಡಳು. ಆಗಲೇ ಅಮ್ಮನ ಫೋನು ಬಂತು.

"ಮೇಷ್ಟ್ರ ಮನೇಲಿ ಊಟ ಆಯ್ತಾ ಮಗಳೇ?"

"ಆಯ್ತಮ್ಮ."

"ಪಾತ್ರೆ ತೊಳ್ಕೊಟ್ಟು ಬಂದ್ಯಾ? ಊಟ ಹಾಕಿದ ಮನೆ."

"ತೊಳ್ದೆ."

"ಒಳ್ಳೇದಾಯ್ತು. ಪರದೇಶದಲ್ಲಿ ನಮ್ಮ ಮಾತಾಡೋರು ಸಿಗೋದು ಅಂದ್ರೆ ಸುಮ್ನೆ ಅಲ್ಲ." ಅಮ್ಮ ಮುಂದುವರಿಸಿದಳು: "ಇಲ್ಲಿ ಮೂಲೆಮನೆ ಅಮ್ಮಾವ್ರ ಮನೆಗೆ ಇವತ್ತು ಯಾರೋ ಬಂದಿದ್ರು. ನಾನು ನೆಲ ಒರೆಸ್ತಾ ಇದ್ದೆ. ನನ್ನ ನೋಡ್ಕೊಂಡು ಇಂಗ್ಲಿಷಲ್ಲಿ ಏನೋ ಅಂದ್ರು, ಎಲ್ರೂ ನಕ್ರು. ನನ್ನ ಬಗ್ಗೆನೇ ಅಂತ ಗೊತ್ತಾಗುತ್ತೆ ಕಣೇ, ಏನಂತ ಗೊತ್ತಾಗಲ್ಲ. ನಾನೂ ಅವ್ರ ಜೊತೆ ನಕ್ಬಿಟ್ಟೆ."

"ಯಾಕಮ್ಮ ನಕ್ಕೆ?"

"ಇನ್ನೇನು ಮಾಡ್ಲಿ. ಬಡವನ ಕೋಪ ದವಡೆಗೆ ಮೂಲ. ನೀನು ಪಕ್ಕದಲ್ಲಿ ಇದ್ದಿದ್ರೆ ಏನಂದ್ರು ಅಂತ ನಂಗೆ ಹೇಳ್ತಿದ್ದೆ. ಆಮೇಲೆ ನೋಡ್ಕೋತಿದ್ದೆ ನಾನು."

ಬಸ್ಸು ಬಂತು. ಅವಳು ಹತ್ತಿ ಕಿಟಕಿಗೆ ಹಣೆಯಿಟ್ಟು ಅತ್ತಳು. ಬಾಡಿಗೆ ಕೋಣೆಗೆ ಹೋಗಿ ಅಂಗೈ ಮೂಸಿದರೆ ಇನ್ನೂ ಗೈಡಿನ ಮನೆಯ ಸೋಪಿನ ವಾಸನೆ.

ಮರುದಿನ ಮೀಟಿಂಗಿನ ಉದ್ದ ಮೇಜಿನ ಸುತ್ತ ಲ್ಯಾಬಿನವರೆಲ್ಲ ಕೂತಿದ್ದರು. ತಲೆ ನರೆತ ಮುಖ್ಯಸ್ಥೆ ಒಂದು ತುದಿಗೆ, ಗೈಡು ಆಕೆಯ ಬಲಕ್ಕೆ. ಗೈಡಿನ ಮುಂದೆ ಫೈಲು, ಫೈಲಿನ ಮೇಲೆ ಪೆನ್ನು. ಜೀವಕೋಶಗಳು ಯಾಕೆ ಸತ್ತವು ಎಂದು ಮುಖ್ಯಸ್ಥೆ ಕೇಳಿದಳು. ಗೈಡು ಇವಳ ಕಡೆ ನೋಡಿ ಕಣ್ಣಲ್ಲೇ ಏಳು ಎಂದರು.

ಅವಳು ಎದ್ದಳು. ಇಂಗ್ಲಿಷಿನಲ್ಲಿ ಹೇಳಿದಳು:

"ಸೀಸೆಗಳನ್ನು ಸೋಪು ಹಾಕಿ ತೊಳೆದವಳು ನಾನೇ. ತಪ್ಪು ನನ್ನದು. ಆದರೆ ಸೋಪು ಹಾಕಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ."

ಗೈಡಿನ ನಗು ಕುಂದಲಿಲ್ಲ. ಮಗುವಿಗೆ ಸಮಾಧಾನ ಹೇಳುವಂಥ ದನಿಯಲ್ಲಿ, ಕನ್ನಡದಲ್ಲಿ ಅಂದರು: "ನಾಲಿಗೆ ಉದ್ದ ಆಯ್ತೇನೇ ಬಿಕನಾಸಿ? ಕೇರಿಯಿಂದ ಎತ್ತಿ ತಂದು ಕುರ್ಚಿ ಕೊಟ್ಟಿದ್ದಕ್ಕೆ ಇದಾ? ಇವತ್ತೇ ಬರೀತೀನಿ ನಿನ್ನ ರಿಪೋರ್ಟು."

"ಏನು ಹೇಳಿದಿರಿ?" ಎಂದಳು ಮುಖ್ಯಸ್ಥೆ.

"ಹೆದರಿದ್ದಾಳೆ ಪಾಪ, ಧೈರ್ಯ ಹೇಳಿದೆ," ಎಂದರು ಗೈಡು ಇಂಗ್ಲಿಷಿನಲ್ಲಿ.

ಎತ್ತರದ ಹುಡುಗ ಅವಳನ್ನು ನೋಡಿ ಧೈರ್ಯ ಬರಲೆಂದು ನಕ್ಕ. ಎಲ್ಲರೂ ನಕ್ಕರು. ಅವಳ ತುಟಿಯೂ ಅಭ್ಯಾಸಬಲದಿಂದ ನಗಲು ಹೊರಟಿತು. ಮೂಲೆಮನೆಯಲ್ಲಿ ನೆಲದ ಮೇಲೆ ಕೂತು ನಕ್ಕ ಅಮ್ಮನ ಮುಖ ಕಣ್ಣಿಗೆ ಕಟ್ಟಿತು. ತುಟಿ ಬಿಗಿಹಿಡಿದಳು.

"ಅವರು ಹೇಳಿದ್ದು ಅದಲ್ಲ," ಎಂದಳು. "ಅವರು ಹೇಳಿದ್ದನ್ನು ನಾನು ಹೇಳುತ್ತೇನೆ."

ಒಂದೊಂದೇ ಮಾತನ್ನು ಎತ್ತಿಕೊಂಡು ಇಂಗ್ಲಿಷಿಗೆ ಹಾಕಿದಳು. ಬಿಕನಾಸಿಗೆ ಸರಿಯಾದ ಪದ ಸಿಗಲಿಲ್ಲ. ಗತಿಯಿಲ್ಲದ ಭಿಕಾರಿ, ಅದು ಬೈಗುಳ ಎಂದು ಬಿಡಿಸಿದಳು. ಕೇರಿ ಎಂದರೆ ಮುಟ್ಟಬಾರದವರು ಎಂದು ಊರಿನವರು ದೂರ ಇಟ್ಟ ಜನ ಇರುವ ಜಾಗ ಎಂದಳು. ತಾನು ಅಲ್ಲಿಯವಳು ಎಂದಳು. ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ರಿಪೋರ್ಟಿನ ಮಾತನ್ನೂ ಹೇಳಿದಳು.

"ಹೋದ ವಾರ ಲ್ಯಾಬಿನಲ್ಲಿ ನಿಮ್ಮೆಲ್ಲರ ಮುಂದೆ ಸೀಸೆ ಹಿಡಿದು ನಗುತ್ತ ಹೇಳಿದ್ದು ಇದು: ಮುಸುರೆ ತಿಕ್ಕುವ ಕೈಗೆ ಪಿಎಚ್‌ಡಿ ಕೊಡಿಸಲು ಹೊರಟೆನಲ್ಲ ಅಂತ. ಮುಸುರೆ ಅಂದರೆ ಬೇರೆಯವರು ಉಂಡು ಬಿಟ್ಟ ಎಂಜಲು ಪಾತ್ರೆ. ನನ್ನ ಅಮ್ಮ ಅದನ್ನು ತೊಳೆಯುತ್ತಾಳೆ. ನಿನ್ನೆ ಇವರ ಮನೆಯಲ್ಲಿ ನಾನೂ ತೊಳೆದೆ."

ಎತ್ತರದ ಹುಡುಗನ ನಗು ಎಲ್ಲಿಡಬೇಕೋ ತಿಳಿಯದೆ ಮುಖದಲ್ಲೇ ಉಳಿದಿತ್ತು. ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಕೆಯ ಮನಸ್ಸಿನಲ್ಲೇನಿದೆ ಎಂದು ಗೊತ್ತಾಗುವಂತಿರಲಿಲ್ಲ.

ಗೈಡು ಇವಳ ಕಡೆ ಬಾಗಿ ಹಲ್ಲು ಕಚ್ಚಿ ಅಂದರು: "ಮುಚ್ಚೇ ಬಾಯಿ. ನಿನ್ನ ಜೀವನ ಹಾಳು ಮಾಡ್ಬಿಡ್ತೀನಿ."

"ಬಾಯಿ ಮುಚ್ಚು, ನಿನ್ನ ಜೀವನ ಹಾಳು ಮಾಡುತ್ತೇನೆ ಅನ್ನುತ್ತಿದ್ದಾರೆ," ಎಂದಳು ಎಲ್ಲರಿಗೂ ಕೇಳುವ ಹಾಗೆ.

ಗೈಡು ಸುತ್ತ ಒಮ್ಮೆ ನೋಡಿದರು. ಆಮೇಲೆ ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ ಅಂದರು: "ಬೇಡಮ್ಮ. ಸಾಕು ಬಿಡು."

"ಬೇಡಮ್ಮ, ಸಾಕು ಬಿಡು ಅನ್ನುತ್ತಿದ್ದಾರೆ," ಎಂದು ಅದನ್ನೂ ಹೇಳಿದಳು.

ಫೈಲು ಅಲ್ಲೇ ಇತ್ತು, ಪೆನ್ನೂ ಅಲ್ಲೇ ಇತ್ತು. ನಾಳೆ ತಾನು ಎಲ್ಲಿರುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ಗೈಡಿನ ಕಡೆ ತಿರುಗಿ, ಕನ್ನಡದಲ್ಲೇ ಕೇಳಿದಳು:

"ಮುಂದೆ ಹೇಳಿ ಸರ್."