ಇಸ್ತ್ರಿಯಣ್ಣ ಮುಟ್ಟಿ ನೋಡಿದ ಜ್ವರ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಇಸ್ತ್ರಿಯಣ್ಣ ಎಂದು. ಕಾದ ಪೆಟ್ಟಿಗೆಯ ತಳವನ್ನು ಅಂಗೈಯಲ್ಲಿ ಸುಮ್ಮನೆ ಹಾಗೊಮ್ಮೆ ತಟ್ಟಿ, ರೇಷ್ಮೆಗೆ ಇಷ್ಟು ಸಾಕು, ಹತ್ತಿಗೆ ಇನ್ನೂ ಸ್ವಲ್ಪ ಕಾಯಲಿ ಎನ್ನುವ ಮನುಷ್ಯ. ವರ್ಷಗಟ್ಟಲೆ ಹೀಗೆ ತಟ್ಟಿ ತಟ್ಟಿ ಅಂಗೈ ಚಕ್ಕಳದ ಹಾಗಾಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿಬಿಡುತ್ತಿದ್ದ. ಹೆಂಡತಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ. ಬಾಯಲ್ಲಿ ಮಾತ್ರ, "ಇವರಿಗೆ ದೇವರು ಕೈ ಕೊಡೋದು ಮರೆತು ಇಕ್ಕಳ ಕೊಟ್ಟಿದ್ದಾನೆ" ಎನ್ನುತ್ತಿದ್ದಳು.

ಆ ಕೈಯಿಂದಲೇ ಅವನು ಅವಳ ಹಣೆ ಮುಟ್ಟಿ, ಜ್ವರವಿಲ್ಲ ಎಂದು ಹೇಳಿದ್ದು.

ಹೋಟೆಲೊಂದರಿಂದ ರಾಶಿ ರಾಶಿ ಮೇಜುಬಟ್ಟೆ ಬಂದಿದ್ದ ವಾರ ಅದು. ಗಂಡ ಹೆಂಡತಿ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದರು. ಅಂಗಡಿಗೆ ಶೌಚಾಲಯವಿರಲಿಲ್ಲ, ಹೋಗಬೇಕೆಂದರೆ ಎದುರಿನ ಕಟ್ಟಡದವರ ಮುಂದೆ ಹಲ್ಲು ಗಿಂಜಬೇಕು. ಆ ಮುಜುಗರವೇ ಬೇಡವೆಂದು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಳು. ಸೊಂಟದ ಒಂದು ಬದಿ ಹಿಡಿದುಕೊಂಡ ಹಾಗೆ ನೋವು, ಆಗಾಗ ಚಳಿ. "ಮೈ ನಡುಗ್ತಿದೆ ನೋಡ್ರೀ" ಎಂದಳು. ಅವನು ಮುಟ್ಟಿ ನೋಡಿ, "ತಣ್ಣಗಿದೀಯ ಕಣೇ. ನಿಂತೂ ನಿಂತೂ ಸುಸ್ತು ಅಷ್ಟೆ" ಎಂದ. ಮಾರನೆಯ ದಿನವೂ ಮುಟ್ಟಿದ, ಅದನ್ನೇ ಹೇಳಿದ. ಅದರ ಮಾರನೆಯ ದಿನ ಬೆಳಿಗ್ಗೆ ಅವಳು ಮೇಜುಬಟ್ಟೆಯೊಂದನ್ನು ಪ್ಯಾಂಟು ಮಡಚುವ ಹಾಗೆ ಮಡಚುತ್ತ, ಎಂದೋ ಬಿಟ್ಟುಬಂದ ಬಾಡಿಗೆ ಮನೆಯ ಬಾಗಿಲು ಹಾಕಿದಿರಾ ಎಂದು ಕೇಳಿದಳು. ಉಸಿರು ಮೆಟ್ಟಿಲು ಹತ್ತಿ ಬಂದವಳ ಹಾಗೆ ಏರಿಳಿಯುತ್ತಿತ್ತು. ಇಸ್ತ್ರಿಯಣ್ಣ ಪೆಟ್ಟಿಗೆ ಆರಿಸಿ, ಅಂಗಡಿಯ ಬಾಗಿಲನ್ನೂ ಎಳೆಯದೆ, ಆಟೋ ನಿಲ್ಲಿಸಿದ.

ಆಸ್ಪತ್ರೆಯಲ್ಲಿ ನೋಡನೋಡುತ್ತಿದ್ದಂತೆ ಅವಳ ಸುತ್ತ ಜನ ನೆರೆದರು. ಒಬ್ಬರು ಪರೀಕ್ಷೆಗೆಂದು ರಕ್ತ ತೆಗೆದರು, ಇನ್ನೊಬ್ಬರು ಎರಡೂ ತೋಳಿಗೆ ಸಲೈನ್ ಹಚ್ಚಿದರು. ರಕ್ತದ ವರದಿಗೂ ಕಾಯದೆ ಆಂಟಿಬಯೋಟಿಕ್ ಶುರುವಾಯಿತು. ಹೊಟ್ಟೆಯ ಸ್ಕ್ಯಾನ್ ಆಯಿತು. ಅಲ್ಲಿಂದ ಐಸಿಯು.

ವಿಷಯ ತಿಳಿದು ನಾದಿನಿ ಓಡಿಬಂದಳು. ಅವಳು ಬಸ್ಸಿನ ಕಂಡಕ್ಟರ್. ಯೂನಿಫಾರ್ಮಿನಲ್ಲೇ ಬಂದಿದ್ದಳು, ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಐಸಿಯು ಮುಂದೆಯೂ ತಗ್ಗಲಿಲ್ಲ.

"ಭಾವ, ನಿನ್ನೆ ಫೋನಲ್ಲಿ ಕೇಳ್ದೆ. ಅಕ್ಕ ಹೇಗಿದ್ದಾಳೆ ಅಂದ್ರೆ ಚೆನ್ನಾಗಿದ್ದಾಳೆ ಅಂದ್ರಿ."

"ಮುಟ್ಟಿ ನೋಡಿದ್ದೆ ಕಣಮ್ಮ."

"ಮುಟ್ಟಿ ನೋಡಿದ್ರಂತೆ. ಕೆಂಡ ಮುಟ್ಟಿದ್ರೂ ತಣ್ಣಗಿದೆ ಅನ್ನೋ ಕೈ ಅದು. ಒಂದು ಥರ್ಮಾಮೀಟರ್ ಇಡೋಕೆ ಏನು ರೋಗ?"

ಇಸ್ತ್ರಿಯಣ್ಣ ಅಂಗೈ ನೋಡಿಕೊಂಡ. ಅಲ್ಲಿಯವರೆಗೆ ಅವನಿಗೆ ಅದು ಹೊಳೆದೇ ಇರಲಿಲ್ಲ. ನಾದಿನಿ, ಹೇಳಿದ್ದು ಹೆಚ್ಚಾಯಿತೇನೋ ಅನ್ನಿಸಿ, ಬ್ಯಾಗಿನಲ್ಲಿ ಏನನ್ನೋ ಹುಡುಕುವವಳ ಹಾಗೆ ಆ ಕಡೆ ತಿರುಗಿದಳು.

ಐಸಿಯುವಿನ ಡಾಕ್ಟರಮ್ಮ ಹೊರಗೆ ಬಂದು ಇಬ್ಬರನ್ನೂ ಕೂರಿಸಿ, ತಾವೂ ಒಂದು ಕುರ್ಚಿ ಎಳೆದುಕೊಂಡರು.

"ಎಡಗಡೆ ಕಿಡ್ನಿಯಿಂದ ಮೂತ್ರ ಇಳಿಯೋ ದಾರೀಲಿ ಒಂದು ಕಲ್ಲು ಸಿಕ್ಕಿಹಾಕ್ಕೊಂಡಿದೆ. ಅದರ ಹಿಂದೆ ಕೀವು ತುಂಬಿದೆ. ಸೋಂಕು ರಕ್ತಕ್ಕೆ ಹೋಗಿ ಸೆಪ್ಟಿಕ್ ಶಾಕ್ ಆಗಿದೆ."

"ಶಾಕ್ ಅಂದ್ರೆ, ಕರೆಂಟ್ ಗಿರೆಂಟ್ ಹೊಡೀತಾ?" ಎಂದಳು ನಾದಿನಿ.

"ಅಲ್ಲಮ್ಮ. ಸೋಂಕಿನ ಮೇಲೆ ಯುದ್ಧಕ್ಕೆ ಹೋಗಿ ಮೈ ತನ್ನನ್ನೇ ಹೊಡ್ಕೊಳ್ತಿದೆ. ರಕ್ತನಾಳಗಳೆಲ್ಲ ಸಡಿಲ ಬಿದ್ದು ರಕ್ತದ ಒತ್ತಡ ಕುಸಿದಿದೆ. ಒತ್ತಡ ಇಲ್ಲದಿದ್ರೆ ಮಿದುಳು, ಕಿಡ್ನಿ ಯಾವುದಕ್ಕೂ ಸರಿಯಾಗಿ ರಕ್ತ ಹೋಗಲ್ಲ. ಅದಕ್ಕೇ ಅವರು ಬೆಳಿಗ್ಗೆ ಏನೇನೋ ಮಾತಾಡಿದ್ದು. ಸಲೈನ್ ಒಂದರಿಂದಲೇ ಒತ್ತಡ ಏರಲಿಲ್ಲ, ರಕ್ತನಾಳ ಬಿಗಿ ಮಾಡೋ ಔಷಧಿ ಹಾಕಿದ್ದೀವಿ. ಈಗ ಬೆನ್ನಿನ ಕಡೆಯಿಂದ ಕಿಡ್ನಿಗೊಂದು ಸಣ್ಣ ನಳಿಕೆ ಇಟ್ಟು ಕೀವು ಹೊರಗೆ ತೆಗೀಬೇಕು. ತಡ ಮಾಡೋ ಹಾಗಿಲ್ಲ. ಯಜಮಾನ್ರೇ, ನಿಮ್ಮ ಒಪ್ಪಿಗೆ ಬೇಕು."

ಸಹಿಗೆ ಮೊದಲು ಒಮ್ಮೆ ನೋಡಿಬರಲು ಅವನನ್ನು ಒಳಗೆ ಬಿಟ್ಟರು. ಆಮ್ಲಜನಕದ ಮಾಸ್ಕಿನ ಹಿಂದೆ ಹೆಂಡತಿಯ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಯಂತ್ರದ ಪರದೆಯ ಮೇಲಿನ ರಕ್ತದೊತ್ತಡದ ಅಂಕಿ ಬೆಳಗಿನದಕ್ಕಿಂತ ಎಷ್ಟೋ ಮೇಲಿತ್ತು. ಜೀವ ಬಂದಂತಾಗಿ ಅವನು ಹೊರಗೆ ಬಂದವನೇ, "ಡಾಕ್ಟ್ರೇ, ಚೇತರಿಸ್ಕೊಳ್ತಿದ್ದಾಳೆ. ಇಷ್ಟು ಸೋತಿರೋ ಮೈಗೆ ಚುಚ್ಚೋದ್ಯಾಕೆ? ಔಷಧಿ ಹಿಡೀತಿದೆ. ನಾಳೆವರೆಗೆ ನೋಡೋಣ" ಎಂದ.

"ಮತ್ತೆ ನೋಡೋಣ ಅಂತೀರಲ್ಲ ಭಾವ" ಎಂದಳು ನಾದಿನಿ. ಈ ಸಲ ದನಿ ಸಣ್ಣದಾಗಿತ್ತು.

ಡಾಕ್ಟರಮ್ಮ ಅವಳನ್ನು ಕಣ್ಣಲ್ಲೇ ತಡೆದರು. "ನಿಮ್ಮ ಕೆಲಸ ಏನು ಯಜಮಾನ್ರೇ?"

"ಇಸ್ತ್ರಿ ಅಂಗಡಿ."

"ಹಾಗಾದ್ರೆ ಗಂಜಿ ನಿಮಗೆ ಗೊತ್ತಿರೋದೇ. ಮೆತ್ತನೆ ಬಟ್ಟೆಗೆ ಗಂಜಿ ಹಾಕಿದ್ರೆ ಸೆಟೆದು ನಿಲ್ಲುತ್ತಲ್ಲ?"

"ನಿಲ್ಲುತ್ತೆ. ನೀರು ಬಿದ್ರೆ ಮತ್ತೆ ಜೋಲು."

"ಪರದೆ ಮೇಲೆ ನೀವು ನೋಡಿದ ಅಂಕಿ ಆ ಥರದ್ದು. ಅದು ಅವರ ಸ್ವಂತ ಬಲ ಅಲ್ಲ, ನಮ್ಮ ಔಷಧಿ ನಿಲ್ಲಿಸಿರೋದು. ಗಂಟೆಗಂಟೆಗೂ ಪ್ರಮಾಣ ಏರಿಸ್ತಾನೇ ಇದ್ದೀವಿ. ಏರಿಸೋದಕ್ಕೂ ಒಂದು ಮಿತಿ ಇದೆ, ಹೆಚ್ಚಾದ್ರೆ ಬೆರಳ ತುದಿಗೆ ರಕ್ತ ಹೋಗಲ್ಲ. ಕೀವು ಒಳಗೇ ಇದ್ದರೆ ಆಂಟಿಬಯೋಟಿಕ್ ಒಂದೇ ಏನು ಮಾಡೀತು?"

ಇಸ್ತ್ರಿಯಣ್ಣ ತಲೆ ತಗ್ಗಿಸಿದ. ಅರ್ಥವಾಗಿತ್ತು. ಆದರೆ ಹೂಂ ಎನ್ನುವ ಧೈರ್ಯವಿರಲಿಲ್ಲ. "ಇವಳನ್ನೇ ಕೇಳಿ ಡಾಕ್ಟ್ರೇ" ಎಂದು ನಾದಿನಿಯ ಕಡೆ ತೋರಿಸಿದ. "ನಾನು ಹೇಳಿದ್ದೆಲ್ಲ ತಪ್ಪಾಗಿದೆ. ಮುಟ್ಟಿ ಮುಟ್ಟಿ ಜ್ವರ ಇಲ್ಲ ಅಂದೆ. ಈಗ ಇದಕ್ಕೂ ಹೂಂ ಅಂದು, ಅಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ…"

"ಬೇಗ ಬಂದಿದ್ರೆ ಒಳ್ಳೇದಿತ್ತು. ಇಲ್ಲ ಅಂತ ಸುಳ್ಳು ಹೇಳಲ್ಲ. ನಳಿಕೆ ಹಾಕುವಾಗ ಅಪಾಯ ಇಲ್ಲವೇ ಇಲ್ಲ ಅಂತಾನೂ ಹೇಳಲ್ಲ. ಒತ್ತಡ ಇನ್ನೂ ಕುಸೀಬಹುದು, ರಕ್ತ ಸೋರಬಹುದು. ಆದ್ರೆ ಹಾಕದೇ ಇದ್ರೆ ಉಳಿಸಿಕೊಳ್ಳೋದು ಕಷ್ಟ. ಜ್ವರ ನೀವೊಬ್ಬರೇ ನೋಡಿದ್ರಿ. ಇದನ್ನ ನೋಡೋಕೆ ನಾವು ಇಷ್ಟು ಜನ ಇದ್ದೀವಿ."

ನಾದಿನಿ ಎದ್ದುಬಂದು ಅವನ ಪಕ್ಕ ಕುಳಿತಳು. "ಹಾಕಿಸಿ ಭಾವ. ಏನೇ ಆಗ್ಲಿ, ನಿಮ್ಮನ್ನ ಅನ್ನಲ್ಲ. ಅಂದದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಅವನು ಸಹಿ ಹಾಕಿದ.

ನಳಿಕೆಯಿಂದ ಮೊದಲು ಬಂದದ್ದು ದಪ್ಪ ಹಳದಿ ಕೀವು ಎಂದು ಹಿರಿಯ ನರ್ಸ್ ಬಂದು ಹೇಳಿದಾಗ, ಅಂಥ ಸುದ್ದಿಗೆ ಯಾರಾದರೂ ಕೈಮುಗಿಯುತ್ತಾರೆಯೇ? ಇಸ್ತ್ರಿಯಣ್ಣ ಮುಗಿದ. ಆದರೆ ಅಂಕಿ ಆ ಸಂಜೆ ಏರುವ ಬದಲು ಇಳಿಯಿತು. ಔಷಧಿ ಹೆಚ್ಚಿಸಿದರು, ಎರಡನೆಯದೊಂದನ್ನು ಸೇರಿಸಿದರು. "ಕೀವು ಕಲಕಿದ ಮೇಲೆ ಹೀಗಾಗೋದುಂಟು. ಪಕ್ಕದಲ್ಲೇ ಇದ್ದೀವಿ" ಎಂದಷ್ಟೇ ಹೇಳಿ ನರ್ಸ್ ಒಳಗೆ ಹೋದರು. ಭಾವ ನಾದಿನಿ ಬೆಂಚಿನ ಎರಡು ತುದಿಯಲ್ಲಿ ಕುಳಿತೇ ರಾತ್ರಿ ಕಳೆದರು.

ಮರುದಿನ ಮೂತ್ರದ ಚೀಲದಲ್ಲಿ ಒಂದಿಷ್ಟು ಹೆಚ್ಚು ತುಂಬಿತು. ಕಿಡ್ನಿ ಮತ್ತೆ ಕೆಲಸ ಹಿಡಿಯಿತೆಂದು ಐಸಿಯುವಿನವರು ಅದನ್ನು ಕಂಡು ಖುಷಿಪಟ್ಟ ರೀತಿ ನೋಡಿ ನಾದಿನಿಗೆ ನಗು ಬಂತು. ಸೋಂಕಿನ ರೋಗಾಣು ಯಾವುದೆಂದು ಹೇಳುವ ಕಲ್ಚರ್ ವರದಿ ಬಂದು, ಅದಕ್ಕೆ ತಕ್ಕ ಆಂಟಿಬಯೋಟಿಕ್ಕಿಗೆ ಬದಲಾಯಿಸಿದರು. ಸೇರಿಸಿದ್ದ ಎರಡನೆಯ ಔಷಧಿ ಮೊದಲು ನಿಂತಿತು. ಮೊದಲಿನದನ್ನು ನರ್ಸ್ ಚೂರುಚೂರೇ ಇಳಿಸುತ್ತ ಬಂದು, ಒಂದು ಬೆಳಿಗ್ಗೆ ಔಷಧಿಯ ಪಂಪನ್ನು ಪೂರ್ತಿ ಆರಿಸಿದರು. ಅಂಕಿ ಸ್ವಲ್ಪ ಜಾರಿತು, ಅತ್ತಿತ್ತ ತೂಗಾಡಿತು, ನಿಂತಿತು.

"ಈಗ ಇರೋದು ಅವರದ್ದೇ" ಎಂದರು ನರ್ಸ್.

ಮಾಸ್ಕು ತೆಗೆದ ದಿನ ಇಸ್ತ್ರಿಯಣ್ಣ ಮಂಚದ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ. ಹೆಂಡತಿಯ ಮುಖ ಸಲೈನಿನಿಂದ ಊದಿಕೊಂಡಿತ್ತು, ತುಟಿ ಒಣಗಿ ಸಿಪ್ಪೆಯೆದ್ದಿತ್ತು.

"ಒಂದು ಮಾತು ಕಣೇ. ನಿಂಗೆ ಅವತ್ತು ಜ್ವರ ಇತ್ತು. ನಂಗೆ ಗೊತ್ತಾಗ್ಲಿಲ್ಲ. ತಪ್ಪು ನಂದು."

ಅವಳ ದನಿ ಗಾಳಿಯ ಹಾಗಿತ್ತು. "ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಜ್ವರ. ಒಳಗೆಲ್ಲ ಸುಡ್ತಿತ್ತು. ನೀವು ಇಲ್ಲ ಅಂದ್ರಲ್ಲ, ಸದ್ಯ ಅಂದ್ಕೊಂಡೆ. ಇದೆ ಅಂದಿದ್ರೆ ಮಲಗಿಸ್ತಿದ್ರಿ. ಅಷ್ಟೊಂದು ಮೇಜುಬಟ್ಟೆ ನೀವೊಬ್ರೇ ಹೇಗೆ ಮಾಡ್ತಿದ್ರಿ?"

ಇಸ್ತ್ರಿಯಣ್ಣ ಕಕ್ಕಾಬಿಕ್ಕಿಯಾದ. ಇಷ್ಟು ದಿನ ತಪ್ಪನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದು ನೆನೆದು ಮೊದಲು ಕಣ್ಣು ತುಂಬಿತು. ಹಿಂದೆಯೇ ಸಿಟ್ಟು ನೆತ್ತಿಗೇರಿತು.

"ಮೇಜುಬಟ್ಟೆಯಂತೆ ಮೇಜುಬಟ್ಟೆ. ಹೋಟೆಲಿನವರು ಬರಿ ಮೇಜಿನ ಮೇಲೆ ಬಡಿಸಿದ್ರೆ ಯಾರ ಗಂಟು ಹೋಗ್ತಿತ್ತು? ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಕೂಗ್ಬೇಡ್ರೀ. ತಲೆ ಸಿಡೀತದೆ."

"ಕೂಗ್ತೀನಿ. ಹೇಳದೇ ಕೇಳದೇ ಹೊರಟುಬಿಡ್ತಿದ್ದೆಯಲ್ಲ, ಹೋಟೆಲಿನವರ ಮೇಜಿಗೋಸ್ಕರ."

"ಬಾಗಿಲಿನಾಚೆಗೂ ಕೇಳ್ತಿದೆ ಭಾವ" ಎಂದು ನಾದಿನಿ ತಲೆ ತೂರಿಸಿದಳು. "ಬಸ್ಸಲ್ಲಿ ನಾನೂ ಇಷ್ಟು ಕೂಗಲ್ಲ."

ಪಕ್ಕದ ಮಂಚದ ಡ್ರಿಪ್ ಸರಿಮಾಡುತ್ತಿದ್ದ ಹಿರಿಯ ನರ್ಸ್ ಇತ್ತ ತಿರುಗಿದರು. ಹೆಂಡತಿಯ ರಕ್ತದೊತ್ತಡ ನೋಡಿದರು, ಕಣ್ಣು ಒರೆಸಿಕೊಳ್ಳುತ್ತಲೇ ಬೈಯುತ್ತಿದ್ದ ಗಂಡನನ್ನೂ ನೋಡಿದರು.

"ಜಗಳ ಆಡೋದಿದ್ರೆ ಇಲ್ಲಿ ಬೇಡ" ಎಂದರು. "ಡಾಕ್ಟರಿಗೆ ಹೇಳ್ತೀನಿ, ಇವರನ್ನ ವಾರ್ಡಿಗೆ ಕಳಿಸೋಣ ಅಂತ."