ನಲವತ್ತು ಸೆಕೆಂಡು ತಡ

ಗುಲಾಬಿ ಬಣ್ಣದ ಡಬ್ಬಿ, ಮುಚ್ಚಳ ಸರಿಯಾಗಿ ಕೂತಿಲ್ಲ, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಮುದುಕರು ಮಲಗುವ ಮುಂಚೆ ತೆಗೆದಿಡುತ್ತಾರಲ್ಲ, ಅಂಥ ಡಬ್ಬಿ, ಅದನ್ನು ತಂದು ಮಿಕ್ಸಿಂಗ್ ಮೇಜಿನ ಮೇಲೆ ಅವಳ ಕನ್ನಡಕದ ಪಕ್ಕದಲ್ಲೇ ಇಟ್ಟಿದ್ದಾನೆ, ಒಳಗೆ ಹಲ್ಲಿಲ್ಲ, ಪೆನ್‌ಡ್ರೈವ್ ಇದೆ, ಇಡೀ ಒಂದು ಸಿನಿಮಾದ ಹಿನ್ನೆಲೆ ಸಂಗೀತ ಹಲ್ಲಿನ ಡಬ್ಬಿಯಲ್ಲಿ ಕೂತು ಬಂದಿದೆ — ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಇವತ್ತು ಮೈ ಉರಿಯಿತು, ಡಬ್ಬಿಯನ್ನು ಬೆರಳ ತುದಿಯಿಂದ ಅತ್ತ ತಳ್ಳಿದಳು, ಅವನು ಅದನ್ನು ನೋಡಿಯೂ ಕ್ಷಮಿಸಿ ಮೇಡಂ ಅಂದ, ಕ್ಷಮಿಸಿ ಅನ್ನುವುದಕ್ಕೇ ಹುಟ್ಟಿದವನ ಹಾಗೆ. ನಿರ್ದೇಶಕ ಅವನ ಹೆಗಲ ಮೇಲೆ ಕೈಹಾಕಿ ನಿಂತಿದ್ದಾನೆ, ಇವರೇ ಮೇಡಂ, ನಾನು ಫೋನಲ್ಲಿ ಹೇಳಿದ್ನಲ್ಲ, ನಮ್ಮಮ್ಮನ ಹಲ್ಲಿನ ಸೆಟ್ ಮಾಡಿದವರು, ಹಲ್ಲಿನ ಅಳತೆ ಕೊಡೋಕೆ ಹೋದಾಗ ಇವರ ಮ್ಯೂಸಿಕ್ ಕೇಳಿ ಅಲ್ಲೇ ಫಿಕ್ಸ್ ಆಗ್ಬಿಟ್ಟೆ. ಅಮ್ಮನ ದವಡೆಗೆ ಸರಿಹೋಯಿತೆಂದು ಸಿನಿಮಾಕ್ಕೂ ಸರಿಹೋಗುತ್ತದೆ ಎಂದುಕೊಂಡನಲ್ಲ, ಭೂಪ. ಹೋದ ತಿಂಗಳು ವಾದ್ಯಗಾರರ ಸಂಘದ ಸಭೆಯಲ್ಲಿ ಯಾರೋ ಎದ್ದು ಕೇಳಿದ್ದರು, ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹವ್ಯಾಸಕ್ಕೆ ಸಂಗೀತ ಮಾಡೋರು ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೊಡಬಹುದಾ, ನಿಮ್ಮ ಅಭಿಪ್ರಾಯ ಏನು ಅಂತ, ಅವಳು ಮೈಕು ಹಿಡಿದು, ಮನೇಲಿ ಥರ್ಮಾಮೀಟರ್ ಇರೋರೆಲ್ಲ ಆಪರೇಷನ್ ಮಾಡಬಹುದಾದ್ರೆ ಇವರೂ ಮಾಡ್ಲಿ ಅಂದಿದ್ದಳು, ಸಭೆಯೆಲ್ಲ ಚಪ್ಪಾಳೆ, ಹಿಂದಿನ ಸಾಲಿನ ತುತ್ತೂರಿಯವನಂತೂ ಕುರ್ಚಿ ಬಡಿದಿದ್ದ, ಆ ತುತ್ತೂರಿಯವನಿಗೆ ಎಂಟು ತಿಂಗಳಿಂದ ಒಂದು ರೆಕಾರ್ಡಿಂಗೂ ಇಲ್ಲ.

ಕೂತುಕೊಳ್ಳಿ ಮೇಡಂ, ಪೂರ್ತಿ ನೋಡಿ ನೇರವಾಗಿ ಹೇಳಿ, ನನಗೂ ಸ್ವಲ್ಪ ಅನುಮಾನ ಇದೆ ಎಂದು ನಿರ್ದೇಶಕ ಕಿವಿಯ ಹತ್ತಿರ ಬಗ್ಗಿ ಹೇಳಿದ, ಆ ಸ್ವಲ್ಪ ಅನುಮಾನಕ್ಕಾಗಿಯೇ ಅವಳು ಎರಡು ಬಸ್ಸು ಬದಲಿಸಿ ಬಂದದ್ದು, ಅನುಮಾನ ಬೆಳೆದರೆ ಈ ಸಿನಿಮಾ ಅವಳದು, ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ತೆರೆಯ ಮೇಲೆ ಅವಳೊಬ್ಬಳದೇ ಹೆಸರು, ಅದೂ ಇಷ್ಟು ದೊಡ್ಡ ಅಕ್ಷರದಲ್ಲಿ, ಕೊನೆಯಲ್ಲಿ ಜನ ಎದ್ದು ಚಪ್ಪಲಿ ಹುಡುಕುವಾಗ ಓಡುವ ಸಹಕಾರ ನೀಡಿದವರ ಪಟ್ಟಿಯಲ್ಲಲ್ಲ. ಸೌಂಡ್ ಇಂಜಿನಿಯರ್ ದೀಪ ಇಳಿಸಿದ, ಅಕ್ಕ, ಎಸಿ ಕಮ್ಮಿ ಮಾಡ್ಲಾ, ನಿಮಗೆ ಮಂಡಿ ನೋವಲ್ವಾ, ಇಡೀ ಕಟ್ಟಡದಲ್ಲಿ ಅವಳನ್ನು ಅಕ್ಕ ಅನ್ನುವವನು ಇವನೊಬ್ಬ, ಟೇಪಿನ ಕಾಲದಿಂದ ಜೊತೆಗಿದ್ದವನು, ಈಗ ಅವನ ತಲೆಯೂ ಬೋಳು. ಚಿತ್ರ ಶುರುವಾಯಿತು. ಅವಳು ಕಾಗದ ತೆಗೆದು ಒಂದು, ಎರಡು, ಮೂರು ಎಂದು ಮೊದಲೇ ನಂಬರು ಹಾಕಿಟ್ಟಳು, ತಪ್ಪುಗಳಿಗೆ ಜಾಗ ಮೊದಲೇ ಬಿಟ್ಟಿದ್ದಳು, ಮತ್ತು ತಪ್ಪುಗಳೇನು ಕಮ್ಮಿ ಇರಲಿಲ್ಲ, ಮಾರುಕಟ್ಟೆಯ ದೃಶ್ಯದಲ್ಲಿ ತಾಳ ಮಾತಿನ ಮೇಲೆ ಹತ್ತಿ ಕೂತಿದೆ, ಆಸ್ಪತ್ರೆಯ ಮೆಟ್ಟಿಲಲ್ಲಿ ಸ್ವರ ಒಂದು ಕೂದಲೆಳೆ ಕೆಳಗೆ, ಈ ಮನುಷ್ಯನಿಗೆ ಶ್ರುತಿ ಅಂದರೆ ಏನೆಂದು ಯಾರೂ ಹೇಳಿಲ್ಲವೇ, ನೋಟೇಶನ್ ಓದೋಕೆ ಬರುತ್ತಾ ಎಂದು ಕತ್ತಲಲ್ಲೇ ಕೇಳಿದಳು, ಬರಲ್ಲ ಮೇಡಂ, ಕಿವೀಲಿ ಕೇಳಿದ್ದನ್ನ ಹಾಗೇ ಇಡ್ತೀನಿ. ಹಾಗೇ ಇಡುತ್ತಾನಂತೆ. ಅವಳು ಹದಿನಾಲ್ಕನೆಯ ವಯಸ್ಸಿಗೆ ಅಡುಗೆಮನೆಯ ನೆಲದ ಮೇಲೆ ಕೂತು ಅಣ್ಣನ ಹಾಡುಗಳ ನೋಟೇಶನ್ ನಕಲು ಮಾಡುತ್ತಿದ್ದಳು, ಹನ್ನೆರಡು ಪಿಟೀಲಿಗೆ ಹನ್ನೆರಡು ಹಾಳೆ, ಬೆರಳಿಗೆ ಹತ್ತಿದ ಮಸಿ ಬಿಡಲೆಂದು ಅಮ್ಮ ನಿಂಬೆಹಣ್ಣು ಹಚ್ಚಿ ಉಜ್ಜುತ್ತಿದ್ದಳು, ನಕಲು ಮಾಡುತ್ತಾ ಮಾಡುತ್ತಾ ಅಣ್ಣ ಬಿಟ್ಟ ತಪ್ಪನ್ನು ತಿದ್ದಿದಳು, ತಿದ್ದುತ್ತಾ ತಿದ್ದುತ್ತಾ ಅಣ್ಣ ಬರೆಯದೆ ಬಿಟ್ಟದ್ದನ್ನು ಬರೆದಳು, ಕೊನೆಗೆ ಅಣ್ಣ ಬರೀ ಗುನುಗುತ್ತಿದ್ದ, ಬರೆಯುವುದು, ಪಿಟೀಲು ನುಡಿಸುವುದು, ಉಳಿದದ್ದೆಲ್ಲ ಅವಳು, ಮೂವತ್ತೊಂದು ಸಿನಿಮಾ, ಸಂಗೀತ ಅಣ್ಣನದು, ಹಾರ ಅಣ್ಣನಿಗೆ, ನನ್ನ ತಂಗಿ ಇಲ್ಲದಿದ್ರೆ ನಾನಿಲ್ಲ ಎಂದು ಪ್ರತಿ ವೇದಿಕೆಯಲ್ಲೂ ಹೇಳುತ್ತಿದ್ದ, ಹೇಳಿ ಕೆಳಗಿಳಿದು ಹಾರವನ್ನು ಅವಳ ಕೈಗೆ ಕೊಟ್ಟು ಕಾರಲ್ಲಿಡು ಅನ್ನುತ್ತಿದ್ದ. ಅಣ್ಣ ಸತ್ತು ಎರಡು ವರ್ಷ. ಆಮೇಲೆ ಬಂದ ಫೋನುಗಳೆಲ್ಲ ಒಂದೇ, ಯಾರೋ ಮಾಡಿದ್ದಾರೆ, ಸ್ವಲ್ಪ ಕೇಳಿ ಸರಿಮಾಡಿಕೊಡಿ. ಇವನೋ, ಹಗಲು ಹಲ್ಲು ತಿಕ್ಕಿ ಸಂಜೆ ಕೀಲಿಮಣೆ ಒತ್ತಿ, ನೆಟ್ಟಗೆ ತೆರೆಯ ಮೇಲೆ ಮೊದಲ ಹೆಸರು — ಅವನ ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಪ್ಲಾಸ್ಟರ್ ಇದೆ, ಕೈ ತೊಳೆದುಕೊಂಡು ಬರುವಷ್ಟೂ ಮರ್ಯಾದೆ ಇಲ್ಲ.

ಒಂಬತ್ತನೆಯ ತಪ್ಪು ಬರೆದು ಮುಗಿಸುವಾಗ ಟ್ಯಾಕ್ಸಿಯ ದೃಶ್ಯ ಬಂತು, ಚಾಲಕ ಆಸ್ಪತ್ರೆಯ ಹೊರಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಆಸ್ಪತ್ರೆಯೊಳಗೆ ಹೆಂಡತಿ ಇದ್ದಾಳೆ, ಕಿಟಕಿಗಳೆಲ್ಲ ತೆರೆದಿವೆ, ಬೀದಿಯ ಸದ್ದು, ಹಾರ್ನು, ಯಾರೋ ಯಾರನ್ನೋ ಕೂಗುವುದು, ಅವನ ಫೋನು ಹೊಡೆದುಕೊಂಡಿತು, ಎತ್ತಿದ, ಹೂಂ ಅಂದ, ಇನ್ನೊಂದು ಸಲ ಹೂಂ ಅಂದ, ಫೋನು ಇಟ್ಟ, ಈಗ ಬರಬೇಕು ಸಂಗೀತ, ಈಗ, ಈ ಎರಡನೆಯ ಹೂಂ ಬಾಯಿಂದ ಬೀಳುತ್ತಿದ್ದ ಹಾಗೆ ಪಿಟೀಲುಗಳು ಕೆಳಗಿನಿಂದ ಏಳಬೇಕು, ನಿದ್ದೆಗಣ್ಣಲ್ಲಿ ಕೇಳಿದರೂ ಅವಳು ಹೇಳಬಲ್ಲಳು — ಬರಲಿಲ್ಲ. ಐದು ಸೆಕೆಂಡು. ಹತ್ತು. ಮಲಗಿಬಿಟ್ಟನೇನೋ ಹಲ್ಲಿನವನು, ಅವಳು ಖುಷಿಯಿಂದ ಹತ್ತನೆಯ ನಂಬರಿನ ಮುಂದೆ ತಡ ಎಂದು ಬರೆದು ಎರಡು ಗೆರೆ ಎಳೆದಳು, ತೆರೆಯ ಮೇಲೆ ಚಾಲಕ ತನ್ನ ಪಕ್ಕದ ಕಿಟಕಿಯ ಹಿಡಿ ತಿರುಗಿಸಿ ಗಾಜು ಏರಿಸಿದ, ಬೀದಿ ಸ್ವಲ್ಪ ದೂರವಾಯಿತು, ಬಗ್ಗಿ ಆಚೆ ಬದಿಯದನ್ನು ಏರಿಸಿದ, ಹಿಂದಕ್ಕೆ ಹೊರಳಿ, ಸೀಟಿನ ಮೇಲೆ ಅರ್ಧ ಮಲಗಿ, ಹಿಂದಿನದೊಂದು, ಹಾರ್ನು ಈಗ ಯಾರದೋ ಮನೆಯ ರೇಡಿಯೋದಲ್ಲಿ ಬಂದ ಹಾಗೆ, ನಾಲ್ಕನೆಯದಕ್ಕೆ ಕೈ ಎಟುಕದು, ಬೆರಳು ಚಾಚುತ್ತಾನೆ, ಉಸಿರು ಬಿಡುತ್ತಾನೆ, ಏರಿಸುತ್ತಾನೆ, ಕೊನೆಯ ಸಂದು ಮುಚ್ಚಿತು, ಬೀದಿ ಸತ್ತಿತು, ಆಗ ಬಂತು. ಒಂದೇ ಸದ್ದು. ತಗ್ಗಿನಲ್ಲಿ ಎಲ್ಲೋ, ಚೆಲ್ಲೋ ವಾದ್ಯವಲ್ಲ, ಉಸಿರೂ ಅಲ್ಲ, ಸುತ್ತುತ್ತಾ ಸುತ್ತುತ್ತಾ ಇಳಿಯುತ್ತಾ ನಿಲ್ಲಲು ಒಪ್ಪದೆ ನಿಲ್ಲುವ ಒಂದು ಸದ್ದು, ಆ ಮುಚ್ಚಿದ ಗಾಡಿಯೊಳಗಿನದು ಮಾತ್ರ, ಹೊರಗಿನವರು ಯಾರಿಗೂ ಕೇಳಿಸದ್ದು, ಅವನು ಅಷ್ಟು ಹೊತ್ತು ಕಿಟಕಿ ಏರಿಸಿದ್ದು ಅಳುವುದಕ್ಕೆ ಜಾಗ ಮಾಡಿಕೊಳ್ಳಲು ಎಂದು ಆಗ ತಿಳಿಯಿತು, ಮೊದಲೇ ಪಿಟೀಲು ಎದ್ದಿದ್ದರೆ ತಿಳಿಯುತ್ತಿರಲಿಲ್ಲ, ಮೊದಲೇ ಎದ್ದಿದ್ದರೆ ಅವನು ಬರೀ ಕಿಟಕಿ ಏರಿಸುತ್ತಿದ್ದ ಅಷ್ಟೆ — ಕುತ್ತಿಗೆಯ ಹಿಂದೆ ಕೂದಲು ನೆಟ್ಟಗಾಯಿತು, ಅದು ಅವಳಿಗೆ ಇಷ್ಟವಾಗಲಿಲ್ಲ, ಕೈಯಿಂದ ಒತ್ತಿಕೊಂಡಳು, ಎಸಿ ಜಾಸ್ತಿ ಎಂದುಕೊಂಡಳು. ಯಾವ ವಾದ್ಯ ಇದು ಎಂದು ಕೇಳಿದ ದನಿ ಅವಳಿಗೇ ಒರಟಾಗಿ ಕೇಳಿಸಿತು. ವಾದ್ಯ ಅಲ್ಲ ಮೇಡಂ, ಹಲ್ಲು ಪಾಲಿಶ್ ಮಾಡೋ ಮೋಟರು, ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗ್ತಾ ಇರುತ್ತಲ್ಲ, ಅದನ್ನ ರೆಕಾರ್ಡ್ ಮಾಡ್ಕೊಂಡು ನಿಧಾನ ಮಾಡಿದೀನಿ. ಮೋಟರು. ನಲವತ್ತನಾಲ್ಕು ವರ್ಷ ಕಲಿತದ್ದನ್ನು ಒಂದು ಮೋಟರು ಆರಿಸಿ ಕಲಿತುಬಿಟ್ಟನೆ, ಇಲ್ಲ, ಕಾಕತಾಳೀಯ, ಕುರುಡು ಕೈಗೆ ಸಿಕ್ಕಿದ್ದು, ಸಮಯ ನೋಡದೆ ತಪ್ಪಿ ತಡವಾಗಿರಬೇಕು, ಬೇಕೆಂದೇ ಅಲ್ಲಿಟ್ರಾ ಅದನ್ನ ಎಂದು ಕೇಳಬೇಕು, ಕೇಳಲಿಲ್ಲ, ಹೌದು ಅಂದುಬಿಟ್ಟರೆ.

ದೀಪ ಬಂತು, ಎಲ್ಲರ ಮುಖಗಳೂ ಹಳದಿ, ನಿರ್ದೇಶಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದ, ಹೇಳಿ ಮೇಡಂ, ನಡೆಯುತ್ತಾ, ಇಲ್ಲಾ ಪೂರ್ತಿ ತೆಗೆದು ನಿಮ್ಮ ಹತ್ರಾನೇ ಹೊಸದಾಗಿ ಮಾಡಿಸ್ಲಾ, ನಿಮ್ಮ ಮಾತೇ ಕೊನೆ. ಇದೇ ಮಾತಿಗಾಗಿ ಬಂದದ್ದು. ಪೂರ್ತಿ ತೆಗೀರಿ ಅಂದರೆ ಮುಗಿಯಿತು, ಎರಡೇ ಪದ, ಹಲ್ಲಿನವನು ಗೋಡೆಗೆ ಒರಗಿ ನಿಂತಿದ್ದಾನೆ, ಕೈ ಕಟ್ಟಿಕೊಂಡು, ತೀರ್ಪು ಕೇಳುವವನ ಹಾಗಲ್ಲ, ಪಾಠ ಕೇಳುವವನ ಹಾಗೆ, ಅದೇ ಇನ್ನೂ ಸಿಟ್ಟು ತರಿಸಿತು, ಸ್ವಲ್ಪವಾದರೂ ಹೆದರೋ. ಅವಳು ಕಾಗದ ನೋಡಿದಳು, ಹತ್ತು ತಪ್ಪು, ಒಂಬತ್ತು ನಿಜವಾದ ತಪ್ಪು, ಹತ್ತನೆಯದು ಎರಡು ಗೆರೆ ಎಳೆದದ್ದು, ಪೂರ್ತಿ ತೆಗೀರಿ ಅನ್ನಲು ಬಾಯಿ ತೆರೆದಳು, ಆ ಸದ್ದು ಇನ್ನೂ ಕಿವಿಯಲ್ಲಿ ಇಳಿಯುತ್ತಿತ್ತು, ತೆಗೀರಿ ಎನ್ನುವುದು ಹೊರಡಲಿಲ್ಲ, ಒಪ್ಪಿಕೊಳ್ಳುವುದೂ ಹೊರಡಲಿಲ್ಲ, ನಡುವೆ ಇನ್ನೊಂದು ಹೊರಟಿತು. ಇಡೀ ಸಿನಿಮಾ ತೆಗೆಯೋದೇನೂ ಬೇಡ, ಸಣ್ಣಪುಟ್ಟ ರಿಪೇರಿ ಸಾಕು ಎಂದಳು, ಮಾತಲ್ಲಿ ಔದಾರ್ಯ ತಾನೇ ತಾನಾಗಿ ಬಂದು ಕೂತಿತು, ಆದ್ರೆ ಟ್ಯಾಕ್ಸಿ ಸೀನಲ್ಲಿ ಸಂಗೀತ ನಲವತ್ತು ಸೆಕೆಂಡು ತಡ, ಫೋನ್ ಬಂದ ಕೂಡ್ಲೇ ಶುರುವಾಗ್ಬೇಕು, ಜನಕ್ಕೆ ಕಾಯೋಕೆ ಪುರುಸೊತ್ತಿಲ್ಲ. ಅಂದ ಮೇಲೆ ಗೊತ್ತಾಯಿತು ಅದು ಯಾರ ಮಾತೆಂದು. ಜನಕ್ಕೆ ಕಾಯೋಕೆ ಪುರುಸೊತ್ತಿಲ್ಲ ಪುಟ್ಟಿ — ಆಗ ಅವಳು ಇಪ್ಪತ್ತಾರು ವರ್ಷದವಳು, ಒಂದು ಸಿನಿಮಾದಲ್ಲಿ ಹೆಣ್ಣುಮಗಳೊಬ್ಬಳು ಬಾಗಿಲು ಹಾಕಿಕೊಳ್ಳುವವರೆಗೂ ಏನನ್ನೂ ಬರೆಯದೆ ಹಾಳೆ ಖಾಲಿ ಬಿಟ್ಟಿದ್ದಳು, ಅಣ್ಣ ಹಾಳೆ ನೋಡಿ ನಕ್ಕು, ಇಲ್ಲೇನು ಮರೆತುಬಿಟ್ಯಾ ಎಂದು ತಾನೇ ಪೆನ್ಸಿಲು ತೆಗೆದುಕೊಂಡು ಹನ್ನೆರಡು ಪಿಟೀಲು ತುಂಬಿಸಿದ್ದ, ಅವಳು ಮರೆತಿರಲಿಲ್ಲ, ಮರೆತಿಲ್ಲ ಅಣ್ಣ ಅನ್ನಲೂ ಇಲ್ಲ, ಹನ್ನೆರಡು ಹಾಳೆ ನಕಲು ಮಾಡಿದಳು, ಆಮೇಲೆ ಯಾವ ಹಾಳೆಯನ್ನೂ ಖಾಲಿ ಬಿಡಲಿಲ್ಲ, ಖಾಲಿ ಬಿಡುವುದು ಹವ್ಯಾಸಿಗಳ ಕೆಲಸ ಎಂದು ತಾನೇ ಎಷ್ಟು ಜನಕ್ಕೆ ಹೇಳಿದ್ದಾಳೆ, ದೇವರೇ, ಎಷ್ಟು ಜನಕ್ಕೆ.

ಇಂಜಿನಿಯರ್ ತಿರುಗಿ ಅವಳ ಮುಖ ನೋಡಿದ, ಅಕ್ಕ, ಇದು ಈಗಿರೋ ಹಾಗೇ — ನಿನ್ನ ಕೆಲಸ ನೀನು ಮಾಡಪ್ಪ ಎಂದಳು, ಅವನು ಮಾನಿಟರಿಗೆ ಮುಖ ಮಾಡಿದ, ಅಲ್ಲಿ ಆ ಸದ್ದು ಒಂದು ನೀಲಿ ಪಟ್ಟಿ, ಮೌಸಿನಿಂದ ಹಿಡಿದು ಎಳೆದ, ಎಡಕ್ಕೆ ಸರಿಯಿತು, ಅದು ಇದ್ದ ಕಡೆ ಬೂದು ಬಣ್ಣದ ಖಾಲಿ ಜಾಗ. ಮತ್ತೆ ಹಾಕಿದರು. ಫೋನು, ಹೂಂ, ತಕ್ಷಣ ಸದ್ದು, ಚಾಲಕ ಕಿಟಕಿ ಏರಿಸುತ್ತಾನೆ, ಬರೀ ಕಿಟಕಿ ಏರಿಸುತ್ತಾನೆ, ನೂರು ಸಿನಿಮಾದಲ್ಲಿ ನೋಡಿದ ದುಃಖ. ಹಾಂ, ಈಗ ಸಿನಿಮಾ ಥರ ಇದೆ ನೋಡಿ, ನಿರ್ದೇಶಕ ತೊಡೆ ತಟ್ಟಿದ, ಅನುಭವ ಅಂದ್ರೆ ಇದು, ನೀವು ಕೂತಿದ್ದು ಎಷ್ಟು ಒಳ್ಳೇದಾಯ್ತು ಮೇಡಂ, ಇವರ ಹೆಸರ ಕೆಳಗೆ ಸಲಹೆ ಅಂತ ನಿಮ್ಮದೂ ಹಾಕ್ತೀನಿ. ಕೆಳಗೆ. ಸಲಹೆ. ಹಲ್ಲಿನವನು ಜೇಬಿನಿಂದ ಪುಟ್ಟ ನೋಟುಬುಕ್ಕು ತೆಗೆದು, ಹಲ್ಲಿನ ಅಳತೆ ಬರೆದುಕೊಳ್ಳುವುದೇ ಇರಬೇಕು, ಅದರಲ್ಲಿ ಬರೆಯುತ್ತಿದ್ದಾನೆ, ಬರೆಯುತ್ತಾ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಾನೆ, ಫೋನ್ ಬಂದ ಕೂಡಲೇ ಶುರು, ಕಾಯಿಸಬಾರದು, ನಾನು ಹದಿನೈದು ದಿನ ಆ ಜಾಗದಲ್ಲಿ ಒದ್ದಾಡಿದೀನಿ ಮೇಡಂ, ಕಿಟಕಿ ಮುಚ್ಚೋವರೆಗೂ ಅವನ ದುಃಖ ಅವನಿಗೇ ಗೊತ್ತಾಗಿರಲ್ಲ ಅಂದ್ಕೊಂಡು ಅಲ್ಲಿಟ್ಟಿದ್ದೆ, ನನಗೇನು ಗೊತ್ತಾಗುತ್ತೆ ಹೇಳಿ, ಕಲಿತೋನಲ್ಲ, ಇನ್ಮೇಲೆ ಈ ತಪ್ಪು ಮಾಡಲ್ಲ, ತುಂಬಾ ಉಪಕಾರ ಆಯ್ತು. ಕುರುಡು ಕೈಯಲ್ಲ ಹಾಗಾದರೆ. ಹದಿನೈದು ದಿನ. ಬಾಯಿ ಮುಚ್ಚಿಕೊಂಡು ಹೋಗಬಾರದಾ ಈ ಪ್ರಾಣಿ, ಉಪಕಾರವಂತೆ, ಜಗಳವಾಡೋ, ಇಲ್ಲ ನಂದೇ ಸರಿ ಅನ್ನೋ, ಒಂದೇ ಒಂದು ಮಾತು ಅನ್ನೋ, ನಾನು ಒಪ್ಪಿಕೊಂಡುಬಿಡ್ತೀನಿ — ಅವನು ಪೆನ್ನಿಗೆ ಮುಚ್ಚಳ ಹಾಕಿದ. ಆದ್ರೆ ಮೇಡಂ, ಎಂದು ನಿರ್ದೇಶಕ ತೆರೆಯತ್ತ ಬೆರಳು ತೋರಿಸಿದ, ಪಟ್ಟಿ ಹಿಂದೆ ಸರಿದ ಮೇಲೆ ಕಿಟಕಿ ಮುಚ್ಚಿದ ಕಡೆ ಖಾಲಿ ಆಗ್ಬಿಡ್ತು ನೋಡಿ, ಅಲ್ಲಿಗೆ ನಿಮ್ಮ ಪಿಟೀಲು ಹಾಕಿ ತುಂಬಿಸ್ಬಿಡೋಣ, ನೀವೇ ನುಡಿಸಿ, ನಲವತ್ತೇ ಸೆಕೆಂಡು, ಸೋಮವಾರ ಬರ್ತೀರಾ. ಬರಲ್ಲ ಅನ್ನಬೇಕು, ಅದನ್ನು ಇದ್ದಲ್ಲಿಗೇ ವಾಪಸ್ ಇಡ್ರಿ ಅನ್ನಬೇಕು, ಈಗಲೂ ಹೊತ್ತು ಮೀರಿಲ್ಲ, ಇಂಜಿನಿಯರ್ ಮೌಸಿನ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಾನೆ, ಅಕ್ಕ, ಸೇವ್ ಮಾಡ್ಲಾ ಎಂದ, ಇಷ್ಟು ಮೆಲ್ಲಗೆ ಅವನು ಎಂದೂ ಮಾತಾಡಿದ್ದಿಲ್ಲ, ಮಾಡು ಎಂದಳು. ಸೋಮವಾರ ಹತ್ತು ಗಂಟೆಗೆ ಬರ್ತೀನಿ ಎಂದಳು. ಕಾಗದ ಮಡಚಿದಳು, ಕನ್ನಡಕ ಹಾಕಿಕೊಂಡಳು, ಎದ್ದಳು, ಮಂಡಿ ಹಿಡಿದುಕೊಂಡಿತು, ಎರಡು ಬಸ್ಸು, ಮೊದಲನೆಯದರಲ್ಲಿ ಸೀಟು ಸಿಗುವುದಿಲ್ಲ, ಪಿಟೀಲಿನ ಎರಡನೆಯ ತಂತಿ ಬದಲಿಸಬೇಕು, ಕಮಾನಿಗೆ ರಾಳ ತಿಕ್ಕಬೇಕು, ಅವನ ಶ್ರುತಿ ಕೂದಲೆಳೆ ಕೆಳಗಿತ್ತಲ್ಲ, ಅದಕ್ಕೆ ಹೊಂದಿಸಿ ನುಡಿಸಬೇಕೋ ಮೇಲೋ, ಮೇಲೆ ನುಡಿಸಿದರೆ — ನೀಲಿ ಪಟ್ಟಿ ಎಡಕ್ಕೆ ಸರಿಯಿತು — ಬಸ್ಸಿಗೆ ಚಿಲ್ಲರೆ ಇದೆಯೋ ಇಲ್ಲವೋ, ಸಂಘದ ಮುಂದಿನ ಸಭೆಯಲ್ಲಿ ಯಾರಾದರೂ ಕೇಳಿದರೆ ಹೇಳಬೇಕು, ಕೂತು ತಿದ್ದಿಕೊಟ್ಟೆ, ಇಲ್ಲದಿದ್ದರೆ ಅವನ ಕೈಲಿ ಎಲ್ಲಿ ಆಗುತ್ತಿತ್ತು ಅಂತ, ತುತ್ತೂರಿಯವನು ಕುರ್ಚಿ ಬಡಿಯುತ್ತಾನೆ — ಪಟ್ಟಿ ಎಡಕ್ಕೆ ಸರಿಯಿತು, ಅದು ಇದ್ದ ಕಡೆ ಬೂದು — ನಲವತ್ತು ಸೆಕೆಂಡಿಗೆ ಏನು ನುಡಿಸುವುದು, ಮುಚ್ಚಿದ ಗಾಡಿಯೊಳಗೆ, ಕೂತವನ ಪಕ್ಕದಲ್ಲಿ, ಏನು — ನೀಲಿ ಪಟ್ಟಿ ಎಡಕ್ಕೆ ಸರಿಯುತ್ತದೆ, ಬೂದು ಉಳಿಯುತ್ತದೆ — ಸರಿಯುತ್ತದೆ, ಬೂದು —